ಬೇವಿನ ಕಟ್ಟೆಯ ಮೇಲೆ ಎರಡು ಭಾಷಣ

ನಮ್ಮ ಓಣಿಗೆ ನೀರು ಬಿಡುವ ವಾಲ್ವಿನ ಚಾವಿ ಚಹಾದ ಅಂಗಡಿಯಲ್ಲಿ ಕೂರುವ ಆ ನಾಲ್ವರ ಕೈಗೆ ಯಾವಾಗ ಹೋಯಿತೆಂದು ಮೂಡಲಗಿಯಲ್ಲಿ ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಟ್ಯಾಂಕರ್ ಅವರದ್ದು, ಅಂಗಡಿಯ ನೀರಿನ ಕ್ಯಾನೂ ಅವರ ಗಾಡಿಯದ್ದು. ಪ್ರತಿ ತಿಂಗಳು ಮನೆಮನೆಯೂ ಅವರಿಗೆ ರೊಕ್ಕ ಕೊಡಬೇಕು. ಬೈಗುಳವಿಲ್ಲ. 'ಊಟ ಆತೇನ್ರಿ?' ಎಂದು ಕೇಳಿಯೇ ಇಸಿದುಕೊಳ್ಳುತ್ತಿದ್ದರು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ನನಗೆ ಇದು ಸುಲಭದ ವಿಷಯವೆನಿಸಿತು. ಬೇವಿನ ಕಟ್ಟೆಯ ಬಳಿ ಓಣಿಯವರನ್ನು ಸೇರಿಸಿ ವಾದ ಮಂಡಿಸಿದೆ. ನದಿ ಯಾರದ್ದು? ಪೈಪು ಯಾರದ್ದು? ಹಾಗಾದರೆ ಇವರದ್ದೇನು? ನಾಲ್ವರಲ್ಲಿ ಹಿರಿಯವನು ಹಿಂದೆ ನಿಂತು ಪೂರ್ತಿ ಕೇಳಿದ. ಆಮೇಲೆ ಹತ್ತಿರ ಬಂದು, 'ಅಕ್ಕಾರ, ಭಾಳ ಚಂದ ಮಾತಾಡ್ತೀರಿ' ಎಂದ. ಅದರಲ್ಲಿ ವ್ಯಂಗ್ಯವೇ ಇರಲಿಲ್ಲ.

ಮರುದಿನ ಎಡಬಲದ ಮನೆಗಳಲ್ಲಿ ನೀರು ಬಿತ್ತು, ನಮ್ಮಲ್ಲಿ ಇಲ್ಲ. ನಮ್ಮ ಪೈಪಿಗಷ್ಟೇ ತಡೆ ಹಾಕಲು ರಸ್ತೆ ಅಗೆದದ್ದನ್ನು ಯಾರೂ ಕಂಡಿರಲಿಲ್ಲ. ಜಳಕ, ಇಷ್ಟಲಿಂಗ ಪೂಜೆ ಆಗದೆ ಅಜ್ಜಿ ತುತ್ತು ಮುಟ್ಟುವವಳಲ್ಲ. ಪಕ್ಕದ ಮನೆಯ ಕಾಕು ಒಂದು ಕೊಡ ತಂದಿಟ್ಟಳು. ಮಾರನೆಯ ದಿನ ಅವಳ ನಳವೂ ನಿಂತಿತು. ಅಂದಿನಿಂದ ನಾನು ಕೊಡ ಹಿಡಿದು ಹೊರಟರೆ ಬಾಗಿಲುಗಳು ಮೆಲ್ಲಗೆ ಮುಚ್ಚಿಕೊಳ್ಳುತ್ತಿದ್ದವು. ಒಳಗಿನಿಂದ ಕೊಡ ತುಂಬುವ ಸದ್ದು ಕೇಳುತ್ತಿತ್ತು.

ಪಕ್ಕದೂರು ಕಲ್ಲೋಳಿಯಿಂದ ಸ್ಕೂಟಿಯ ಮೇಲೆ ನೀರು ತಂದೆ. ಅಜ್ಜಿ ಅದನ್ನು ಮುಟ್ಟಲಿಲ್ಲ.

'ನನಗ ಕೊಟ್ಟು ಆಕಿ ಕಳಕೊಂಡ್ಲು. ಆಕಿ ನಳಾ ಬರೂತನಕ ನನಗ ಪೂಜಿನೂ ಬ್ಯಾಡ, ಪ್ರಸಾದನೂ ಬ್ಯಾಡ.'

ಎರಡು ದಿನ ಹಾಗೇ ಕೂತಳು. ತುಟಿ ಬಿಳಿಚಿತು. ನಾನು ಚಹಾದ ಅಂಗಡಿಗೆ ಹೋಗಿ ಆ ಹಿರಿಯನ ಎದುರು ನಿಂತೆ. ಎಷ್ಟು ಕೊಡಬೇಕೆಂದು ಕೇಳಿದೆ.

'ರೊಕ್ಕ ಬ್ಯಾಡ್ರಿ ಅಕ್ಕಾರ. ಸ್ಪರ್ಧಾದಾಗ ಎರಡೂ ಕಡಿ ಮಾತಾಡಾಕ ಕಲಸ್ತಾರಂತಲ್ಲ? ಇನ್ನೊಂದು ಕಡಿ ಮಾತಾಡ್ರಿ. ಅದ ಕಟ್ಟಿ ಮ್ಯಾಲ.'

ಸಂಜೆ ಮಾತಾಡಿದೆ. ಸೋಲಬೇಕೆಂದೇ ನಿಂತಿದ್ದೆ, ಬಾಯಿ ಕೇಳಲಿಲ್ಲ. ನೀರು ಹೊತ್ತಿಗೆ ಸರಿಯಾಗಿ ಬರುತ್ತದೆಯೇ? ಬರುತ್ತದೆ. ನಳದ ಮುಂದೆ ಜಗಳವಿದೆಯೇ? ಇಲ್ಲ. ವಾಕ್ಯಗಳು ತಾವಾಗಿಯೇ ಬಂದು ಸಾಲಾಗಿ ನಿಂತವು. ಜನ ಒಬ್ಬೊಬ್ಬರಾಗಿ ಹೂಂ ಎನ್ನತೊಡಗಿದರು. ನಾನಿನ್ನೂ ಮುಗಿಸಿರಲಿಲ್ಲ, ಕಾಕುವಿನ ಮನೆಯೊಳಗೆ ನಳ ಬುಸುಗುಟ್ಟಿತು.

ಅಜ್ಜಿ ಜಳಕ ಮಾಡಿ, ಪೂಜೆ ಮುಗಿಸಿ, ರೊಟ್ಟಿ ಮುರಿದಳು.

'ಯವ್ವಾ, ಎರಡನೇದ್ದ ಜನಕ್ಕ ಹೆಚ್ಚು ಖರೆ ಅನಿಸ್ತು ನೋಡು.'

ಮಾತಾಡುವಾಗ ನನಗೂ ಹಾಗೇ ಅನಿಸಿತ್ತೆಂದು ನಾನು ಅವಳಿಗೆ ಹೇಳಲಿಲ್ಲ.