ಕೆಂಪು ಚೀಟಿಯ ಫ್ಲಾಪಿ

ದಾದರ್ ಸ್ಟೇಷನ್ನಿನ ಪಕ್ಕದ ಆ ಔಷಧಿ ಕಂಪನಿಯಲ್ಲಿ ಕಂಪ್ಯೂಟರ್ ಕೋಣೆಗೆ ವನಮಾಲಾಳ ದೇವರಮನೆ ಎಂದೇ ಹೆಸರಾಗಿತ್ತು. ಚಪ್ಪಲಿ ಹೊರಗೆ ಬಿಡಬೇಕು, ಕೈ ಒರೆಸಿಕೊಂಡು ಬರಬೇಕು, ಊಟದ ಡಬ್ಬಿ ಹೊಸ್ತಿಲು ದಾಟಬಾರದು. ಚಪ್ಪಲಿಯ ನಿಯಮ ಧೂಳಿಗೆ ಹೆದರಿ ಆ ಕಾಲದಲ್ಲಿ ಎಲ್ಲ ಆಫೀಸುಗಳಲ್ಲೂ ಇತ್ತು, ಅದು ಬಿಡಿ. ಆದರೆ ಫ್ಲಾಪಿಗಳಿಗೂ ಮಡಿ ಮೈಲಿಗೆ ತಂದವಳು ಇವಳೊಬ್ಬಳೇ. ಆಫೀಸಿನವು ಕಪಾಟಿನ ಮೇಲಿನ ಖಾನೆಯಲ್ಲಿ, ಹೊರಗಿನಿಂದ ಬಂದವು ಕೆಳಗಿನ ಖಾನೆಯಲ್ಲಿ. ಒಂದಕ್ಕೊಂದು ತಾಗುವ ಹಾಗಿಲ್ಲ. ತಾಗಿದ ಮಾತ್ರಕ್ಕೆ ವೈರಸ್ ಅಂಟುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಮನಸ್ಸು ಒಪ್ಪುತ್ತಿರಲಿಲ್ಲ.

ಮೈಸೂರಿನಲ್ಲಿ ಹುಟ್ಟಿ, ಮದುವೆಯಾಗಿ ಮುಲುಂಡ್‌ಗೆ ಬಂದವಳು. ಅತ್ತೆ ಸರಸ್ವತಮ್ಮನ ಅಡುಗೆಮನೆಯಲ್ಲಿ ಅದನ್ನು ಮುಟ್ಟಬೇಡ, ಇದನ್ನು ಮುಟ್ಟಬೇಡ ಎಂದು ಬೈಸಿಕೊಂಡೇ ಹತ್ತು ವರ್ಷ ಕಳೆದಳು. ಮನೆಯಲ್ಲಿ ಬೈಸಿಕೊಂಡು ಕಲಿತದ್ದನ್ನು ಆಫೀಸಿನಲ್ಲಿ ಬೈದು ಕಲಿಸಿದಳು ಎಂದರೆ ತಪ್ಪಾಗಲಾರದು. ಟೈಪಿಸ್ಟ್ ಆಗಿ ಸೇರಿದ್ದಳು. ಎಂಬತ್ತೇಳರಲ್ಲಿ ಕಂಪ್ಯೂಟರ್ ಬಂದಾಗ ಉಳಿದವರೆಲ್ಲ ಎಲ್ಲಿ ಕೆಲಸ ಹೋಗುತ್ತದೋ ಎಂದು ಮುಖ ಸಿಂಡರಿಸಿದರೆ, ಇವಳು ಸಂಜೆ ಕ್ಲಾಸಿಗೆ ಹೋಗಿ ಕಲಿತು ಬಂದು ಆ ಕೋಣೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ತೊಂಬತ್ತರಲ್ಲಿ ಯಾರೋ ತಂದ ಫ್ಲಾಪಿಯಿಂದ ವೈರಸ್ ಹೊಕ್ಕು ಮೂರು ತಿಂಗಳ ಕೆಲಸ ಅಳಿಸಿ ಹೋಯಿತು. ಅಂದು ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ದಾದರಿನಿಂದ ಮುಲುಂಡ್‌ವರೆಗೂ ಕಣ್ಣೊರೆಸಿಕೊಳ್ಳುತ್ತಲೇ ನಿಂತಿದ್ದಳು. ಅವಳ ಹೆದರಿಕೆ ಸುಳ್ಳಿನದಲ್ಲ.

ತೊಂಬತ್ತೆರಡರಲ್ಲಿ ಸಾಹೇಬರು ಎರಡು ಆಂಟಿವೈರಸ್‌ಗಳ ಹೆಸರು ಬರೆದ ಚೀಟಿ ಕೊಟ್ಟು, ಒಂದನ್ನು ಆರಿಸಿ ಹೇಳಿ ಎಂದರು. ಒಂದು ಹಳೆಯದು, ಆಗಲೇ ಆಫೀಸಿನಲ್ಲಿದ್ದದ್ದು. ಇನ್ನೊಂದು ಹೊಸದು, ಅಂಗಡಿಯವನು ನೋಡಲೆಂದು ಕೊಟ್ಟದ್ದು. ವನಮಾಲಾಗೆ ಆರಿಸಲು ಧೈರ್ಯ ಬರಲಿಲ್ಲ. ಬಿಟ್ಟದ್ದರಲ್ಲೇ ಒಳ್ಳೆಯದಿದ್ದರೆ? ಎರಡನ್ನೂ ಇಟ್ಟುಕೊಂಡಳು. ಹೊರಗಿನ ಫ್ಲಾಪಿ ಬಂದರೆ ಮೊದಲು ಹಳೆಯದರಿಂದ, ಆಮೇಲೆ ಹೊಸದರಿಂದ ನೋಡುವುದೆಂದು ಮಾಡಿಕೊಂಡಳು. ಒಂದು ಸಲ ತೊಳೆದ ಪಾತ್ರೆಯನ್ನು ಅತ್ತೆ ಮತ್ತೊಂದು ಸಲ ತೊಳೆಸುತ್ತಿದ್ದರಲ್ಲ, ಹಾಗೆ.

ಆ ಏರ್ಪಾಡಿಗೆ ಮೊದಲು ಸಿಕ್ಕಿದ್ದು ಶಿವಪುತ್ರಪ್ಪನ ಫ್ಲಾಪಿ.

ಶಿವಪುತ್ರಪ್ಪ ಆಫೀಸಿನ ಜವಾನ, ವಿಜಾಪುರದ ಕಡೆಯವನು, ಕುರ್ಲಾದ ಸಾಲುಮನೆಗಳ ಚಾಳಿನಲ್ಲಿ ವಾಸ. ಟಪಾಲಿನ ಮೇಲಿನ ವಿಳಾಸ ಓದಿ ಓದಿಯೇ ಇಂಗ್ಲಿಷ್ ಅಕ್ಷರ ಕಲಿತಿದ್ದ. ಡೇಟಾ ಎಂಟ್ರಿ ಆಪರೇಟರನ ಜಾಗ ಖಾಲಿಯಾಗಿತ್ತು. ಆಫೀಸಿನವರೇ ಯಾರಾದರೂ ಟೈಪಿಂಗ್ ಪರೀಕ್ಷೆ ಪಾಸಾದರೆ ಅವರಿಗೇ, ಆದರೆ ವಯಸ್ಸು ಮೂವತ್ತೈದು ಮೀರಿರಬಾರದು. ಅವನಿಗೆ ಆ ದೀಪಾವಳಿಗೆ ಮೂವತ್ತೈದು ತುಂಬುತ್ತಿತ್ತು. ಪರೀಕ್ಷೆಗೆ ಹದಿನೈದು ದಿನವಿತ್ತು. ಈ ಸಲ ತಪ್ಪಿದರೆ ಮತ್ತೆ ಇಲ್ಲ.

"ಮ್ಯಾಡಮ್‌ರಿ, ಇದೊಂದು ಆಟ ಐತ್ರಿ," ಎಂದ, ಫ್ಲಾಪಿಯನ್ನು ಎರಡೂ ಕೈಯಲ್ಲಿ ಹಿಡಿದು. "ಅಕ್ಷರ ಮ್ಯಾಲಿಂದ ಬೀಳ್ತಾವ್ರಿ. ನೆಲ ಮುಟ್ಟೂದ್ರಾಗ ಅದ ಅಕ್ಷರ ಒತ್ತಬೇಕು. ಟೈಪಿಂಗ್ ಕ್ಲಾಸಿನವರು ಕೊಟ್ಟಾರ. ಊಟದ ಸೂಟ್ಯಾಗ ಆಡಿದ್ರ ಕೈ ಓಡ್ತಾವ ಅಂದ್ರು."

"ನೋಡದೆ ಹಾಕೋಕಾಗಲ್ಲ ಶಿವಪುತ್ರಪ್ಪ. ಅಲ್ಲೇ ನಿಂತಿರಿ."

ಹಳೆಯ ಆಂಟಿವೈರಸ್ ನೋಡಿ ಏನೂ ಇಲ್ಲ ಎಂದಿತು. ಹೊಸದು ಕಿರ್ರೆಂದು ಕೂಗಿ, ಪರದೆಯ ತುಂಬ ಕೆಂಪು ಮಾಡಿ, ವೈರಸ್ ಇದೆ ಎಂದಿತು. ವನಮಾಲಾ ಥಟ್ಟನೆ ಫ್ಲಾಪಿ ಹೊರಗೆಳೆದಳು. ಆಮೇಲೆ, ಹೇಳಿಬಿಡಬೇಕು, ಒಳಗೊಳಗೇ ಒಂದಿಷ್ಟು ಬೀಗಿದಳು ಕೂಡ. ನೋಡಿದಿರಾ, ಎರಡು ಇಟ್ಟುಕೊಂಡದ್ದಕ್ಕೆ ಸಿಕ್ಕಿತು! ಫ್ಲಾಪಿಗೆ ಕೆಂಪು ಚೀಟಿ ಅಂಟಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕೆಳಗಿನ ಖಾನೆಯ ಮೂಲೆಗೆ ತಳ್ಳಿದಳು. ಸಾಹೇಬರಿಗೆ ವರದಿ ಬರೆದಳು. ಸಾಹೇಬರು ಪರೀಕ್ಷೆಯ ಪಟ್ಟಿಯಿಂದ ಅವನ ಹೆಸರು ಹೊಡೆದುಹಾಕಿದರು. ಕೋಣೆಯೊಳಗೆ ಕಾಲಿಡಬಾರದು ಎಂದರು. ಜಾಗಕ್ಕೆ ಹೊರಗಿನವನೊಬ್ಬ ಬಂದ.

ಕ್ಯಾಂಟೀನಿನಲ್ಲಿ ಶಿವಪುತ್ರಪ್ಪನಿಗೆ ವೈರಸ್ ಎಂದೇ ಹೆಸರು ಬಿತ್ತು. ಅವನು ಕೊಟ್ಟ ಫೈಲನ್ನು ತಮಾಷೆಗೆಂದು ಎರಡು ಬೆರಳಿನಲ್ಲಿ ಎತ್ತಿಕೊಳ್ಳುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ಅಂದಿನಿಂದ ವನಮಾಲಾಳ ಟಪಾಲನ್ನು ಹೊಸ್ತಿಲಾಚೆಯ ಸ್ಟೂಲಿನ ಮೇಲೆ ಇಟ್ಟು ಹೋಗುತ್ತಿದ್ದ. ಕೈಗೆ ಕೊಡುತ್ತಿರಲಿಲ್ಲ.

ಹೊರಗಿನ ಫ್ಲಾಪಿ ತರುವ ಧೈರ್ಯ ಆಮೇಲೆ ಯಾರಿಗೂ ಬರಲಿಲ್ಲ. ಹೀಗೆ ಏಳು ತಿಂಗಳು ಕಳೆಯಿತು.

ಒಂದು ಬೆಳಿಗ್ಗೆ ಅಂಗಡಿಯಿಂದ ಹೊಸ ಫ್ಲಾಪಿಗಳ ಡಬ್ಬಿ ಬಂತು. ಮುದ್ರೆ ಒಡೆಯದ ಡಬ್ಬಿ, ಖಾಲಿ ಫ್ಲಾಪಿಗಳು. ಹೊರಗಿನಿಂದ ಬಂದದ್ದು ಹೊರಗಿನದೇ ಎಂದು ವನಮಾಲಾ ಅದನ್ನೂ ಎರಡು ಸಲ ನೋಡಿದಳು. ಹೊಸ ಆಂಟಿವೈರಸ್ ಕಿರ್ರೆಂದು ಕೂಗಿತು. ಇನ್ನೊಂದು ಫ್ಲಾಪಿ ಹಾಕಿದಳು, ಅದಕ್ಕೂ ಕೂಗು. ಮತ್ತೊಂದಕ್ಕೂ. ಏನೂ ಬರೆಯದ ಫ್ಲಾಪಿಯಲ್ಲಿ ವೈರಸ್ ಎಲ್ಲಿಂದ ಬಂತು? ಕಂಪ್ಯೂಟರನ್ನು ಆರಿಸಿ, ಮತ್ತೆ ಹಚ್ಚಿ, ಈ ಸಲ ಹಳೆಯದನ್ನು ಬಿಟ್ಟು ಹೊಸ ಆಂಟಿವೈರಸ್ ಒಂದರಿಂದಲೇ ನೋಡಿದಳು. ಏನೂ ಇಲ್ಲ.

ಅಂಗಡಿಯವನಿಗೆ ಫೋನ್ ಮಾಡಿದರೆ ಅವನು ನಕ್ಕುಬಿಟ್ಟ. ಹಳೆಯ ಆಂಟಿವೈರಸ್ ವೈರಸ್‌ಗಳ ಗುರುತಿನ ಪಟ್ಟಿಯನ್ನು ಕಂಪ್ಯೂಟರಿನ ನೆನಪಿನಲ್ಲಿ ಬಿಟ್ಟು ಹೋಗುತ್ತಿತ್ತು. ಹಿಂದೆಯೇ ಬಂದ ಹೊಸದು ಆ ಪಟ್ಟಿಯನ್ನೇ ವೈರಸ್ ಎಂದುಕೊಳ್ಳುತ್ತಿತ್ತು. ಒಬ್ಬ ಪೊಲೀಸನ ಜೇಬಿನಲ್ಲಿದ್ದ ಕಳ್ಳರ ಫೋಟೋ ನೋಡಿ ಇನ್ನೊಬ್ಬ ಪೊಲೀಸ್ ಸೀಟಿ ಊದಿದ ಹಾಗೆ. "ಎರಡು ಯಾಕೆ ಇಟ್ಟಿರಿ ಮ್ಯಾಡಮ್? ಒಂದನ್ನು ಆರಿಸಿಕೊಳ್ಳಬೇಕು," ಎಂದ ಅಂಗಡಿಯವನು.

ಕೆಂಪು ಚೀಟಿಯ ಫ್ಲಾಪಿ ತೆಗೆದು ನೋಡಿದಳು. ಏನೂ ಇರಲಿಲ್ಲ. ಎಂದೂ ಇರಲಿಲ್ಲ. ನೇರ ಸಾಹೇಬರ ಬಳಿ ಹೋಗಿ, ತಪ್ಪು ನನ್ನದು ಎಂದು ಬರೆದು ಕೊಟ್ಟಳು. ಸಾಹೇಬರು ಓದಿ, "ಬರೆದದ್ದು ಒಳ್ಳೆಯದಾಯಿತು. ಆದರೆ ಜಾಗ ತುಂಬಿದೆ, ಅವನ ವಯಸ್ಸೂ ಮೀರಿದೆ. ಇನ್ನೇನು ಮಾಡಲಿಕ್ಕಾಗುತ್ತದೆ?" ಎಂದು ಕಾಗದವನ್ನು ಫೈಲಿಗೆ ಸೇರಿಸಿದರು.

ಊಟದ ಹೊತ್ತಿಗೆ ಶಿವಪುತ್ರಪ್ಪ ಟಪಾಲು ತಂದ. ವನಮಾಲಾ ಎದ್ದು ಬಾಗಿಲಿಗೆ ಬಂದಳು.

"ಒಳಗೆ ಬನ್ನಿ."

"ಬ್ಯಾಡ್ರಿ. ಇಲ್ಲೇ ಛಲೋ ಐತ್ರಿ."

"ಬನ್ನಿ ಶಿವಪುತ್ರಪ್ಪ."

ಚಪ್ಪಲಿ ಬಿಟ್ಟು, ಅಂಗಿಗೆ ಕೈ ಒರೆಸಿಕೊಂಡು ಬಂದ. ಅವಳು ಎಲ್ಲವನ್ನೂ ಅವನೆದುರಿಗೇ ಮಾಡಿ ತೋರಿಸಿದಳು. ಖಾಲಿ ಫ್ಲಾಪಿಗೆ ಪರದೆ ಕೆಂಪಾದದ್ದನ್ನು ಅವನು ಬಹಳ ಹೊತ್ತು ನೋಡಿದ. ಸಾಹೇಬರು ಹೇಳಿದ್ದನ್ನೂ ಹೇಳಿದಳು. ಅವನು ಸಿಟ್ಟಾಗಲಿಲ್ಲ. ಆಗಿದ್ದರೆ ಅವಳಿಗೆ ಒಂದಿಷ್ಟು ಹಗುರಾಗುತ್ತಿತ್ತು.

"ಒಂದು ಕೇಳ್ತೀನ್ರಿ," ಎಂದ. "ಅವತ್ತ ಎರಡರಾಗ ಒಂದು, ಏನೂ ಇಲ್ಲ ಅಂದಿತ್ತಲ್ರಿ. ಅದರ ಮಾತ ಯಾಕ ನಂಬಲಿಲ್ರಿ ನೀವು?"

ಹೇಳಲು ನೆಪಗಳು ಬೇಕಾದಷ್ಟಿದ್ದವು. ನಿಯಮ, ಹೆದರಿಕೆ, ಸಾಹೇಬರು. ಅವನ್ನೆಲ್ಲ ಬದಿಗಿಟ್ಟಳು.

"ಸಾಹೇಬರ ಮಗ ತಂದಿದ್ದರೆ ಇನ್ನೊಂದು ಸಲ ನೋಡ್ತಿದ್ದೆ," ಎಂದಳು. "ನೀವು ತಂದಿದ್ದು ಅಂತ ನೋಡಲಿಲ್ಲ."

ಶಿವಪುತ್ರಪ್ಪ ತಲೆಯಾಡಿಸಿದ. ಅದು ಅವನಿಗೆ ಹೊಸ ಸುದ್ದಿಯೇನೂ ಆಗಿರಲಿಲ್ಲ. ತನ್ನ ಫ್ಲಾಪಿ ಎತ್ತಿಕೊಂಡು, ಕೆಂಪು ಚೀಟಿಯನ್ನು ಉಗುರಿನಿಂದ ನಿಧಾನವಾಗಿ ಕಿತ್ತ. ಫ್ಲಾಪಿಯನ್ನು ಜೇಬಿಗೆ ಹಾಕಿಕೊಂಡು, ಚೀಟಿ ಎಲ್ಲಿ ಹಾಕುವುದೆಂದು ಸುತ್ತ ನೋಡಿದ. ಕಸದ ಬುಟ್ಟಿ ಆ ಕೋಣೆಯಲ್ಲಿ ಇರಲಿಲ್ಲ. ಅದೂ ಅವಳದೇ ನಿಯಮ. ವನಮಾಲಾ ಅಂಗೈ ಚಾಚಿದಳು.

ಅವನು ಕೈ ಮೇಲೆತ್ತಿ, ಅವಳ ಕೈಗೆ ತನ್ನ ಕೈ ತಾಗದ ಹಾಗೆ, ಚೀಟಿಯನ್ನು ಮೇಲಿನಿಂದ ಬಿಟ್ಟ.