ವಿಭೂತಿ ಹಚ್ಚಿದ ಆಸಿಲೋಸ್ಕೋಪ್

2007ರ ದಸರಾ ಮುಗಿದ ವಾರ ನಮ್ಮ ಅತ್ತೆಯ ಮೇಲೆ ಒಂದು ಅಪವಾದ ಬಂತು. ಹೊರಿಸಿದವನು ನಾವು ಮುಖವನ್ನೇ ನೋಡದ ಮನುಷ್ಯ. ಅದೂ ಇಂಟರ್‌ನೆಟ್‌ನಲ್ಲಿ, ಇಂಗ್ಲಿಷಿನಲ್ಲಿ. ಅದನ್ನು ಅವನ ಕೈಯಿಂದಲೇ ಅಳಿಸಿಹಾಕಿಸುವವರೆಗೆ ನಾನು ಬಿಡಲಿಲ್ಲ. ಮನೆಯಲ್ಲಿ ಎಲ್ಲರೂ ಇವತ್ತಿಗೂ ಆ ಕಥೆ ಹೇಳಿಕೊಂಡು ನಗುತ್ತಾರೆ. ನನಗೆ ಮಾತ್ರ ಪೂರ್ತಿ ನಗು ಬರುವುದಿಲ್ಲ.

ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಸಿಕ್ಕಿದ ಕೆಲಸ ಮಾತ್ರ ರಾಜಾಜಿನಗರದ ಒಂದು ಶಾಲೆಯ ಆಫೀಸಿನಲ್ಲಿ ಫೀಸಿನ ರಸೀದಿ ಬರೆಯುವುದು. ಆದರೆ ಕಲಿತ ಕೈ ಸುಮ್ಮನಿರಬೇಕಲ್ಲ! ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯ ಹಿಂದಿನ ವರಾಂಡದಲ್ಲಿ, ವಾಷಿಂಗ್ ಮೆಷಿನ್ನಿನ ಪಕ್ಕ ಒಂದು ಹಳೆಯ ಮೇಜು ಹಾಕಿಕೊಂಡು ರೇಡಿಯೊ, ಆಂಪ್ಲಿಫೈಯರ್ ಕಟ್ಟುತ್ತಿದ್ದೆ. ನಮ್ಮ ಯಜಮಾನರಿಗೆ ಕಾಮಾಕ್ಷಿಪಾಳ್ಯದಲ್ಲಿ ನಾಲ್ಕು ಲೇತ್ ಮೆಷಿನ್‌ಗಳ ಸಣ್ಣ ವರ್ಕ್‌ಶಾಪ್ ಇತ್ತು. ಅವರದು ಕೆಲಸ, ನನ್ನದು ಆಟ ಎಂದು ಮನೆಯಲ್ಲಿ ಯಾವತ್ತೋ ತೀರ್ಮಾನವಾಗಿತ್ತು. ನಾನೂ ವಾದಕ್ಕೆ ಹೋಗಿರಲಿಲ್ಲ.

ಕಾಲೇಜಿನಲ್ಲಿ ಇದ್ದಾಗಿನಿಂದ ನನಗೆ ಸ್ವಂತದ್ದೊಂದು ಆಸಿಲೋಸ್ಕೋಪ್ ಬೇಕೆಂಬ ಆಸೆ. ಸರ್ಕ್ಯೂಟಿನೊಳಗೆ ಓಡುವ ಸಿಗ್ನಲ್ ಅನ್ನು ಪರದೆಯ ಮೇಲೆ ಹಸಿರು ಗೆರೆಯಾಗಿ ತೋರಿಸುವ ಯಂತ್ರ ಅದು. ಅದಿಲ್ಲದೆ ರೇಡಿಯೊ ರಿಪೇರಿ ಮಾಡುವುದೆಂದರೆ ಕಣ್ಣು ಕಟ್ಟಿಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಹೊಸದರ ಬೆಲೆ ಕೇಳುವಂತೆಯೇ ಇರಲಿಲ್ಲ. ಆಗ ಇಂಟರ್‌ನೆಟ್‌ನಲ್ಲಿ ಹರಾಜು ಹಾಕಿ ಮಾರುವ ಸೈಟುಗಳು ಜೋರಾಗಿದ್ದವು. ನಮ್ಮ ರಸ್ತೆಯ ಕೊನೆಯ ಸೈಬರ್ ಕೆಫೆಯಲ್ಲಿ ಕೂತು ನಾಲ್ಕು ದಿನ ಬೆಲೆ ಏರಿಸಿ ಏರಿಸಿ, ಕೊನೆಗೆ ಆರು ಸಾವಿರಕ್ಕೆ ಒಂದು ಹಳೆಯ ಆಸಿಲೋಸ್ಕೋಪ್ ಗೆದ್ದೆ. 'ಚೆನ್ನಾಗಿ ಕೆಲಸ ಮಾಡುತ್ತಿದೆ' ಎಂದು ಜಾಹೀರಾತಿನಲ್ಲಿ ಬರೆದಿತ್ತು. ದುಡ್ಡು ಮೊದಲು ಸೈಟಿನವರ ಬಳಿ ಇರುತ್ತದೆ, ಮಾಲು ಸರಿಯಿದೆ ಎಂದು ನಾವು ಒಪ್ಪಿದ ಮೇಲೆ ಮಾರಿದವನಿಗೆ ಹೋಗುತ್ತದೆ ಎಂಬ ಧೈರ್ಯವೂ ಇತ್ತು.

ಪಾರ್ಸೆಲ್ ಬಂದದ್ದು ಆಯುಧಪೂಜೆಗೆ ಎರಡು ದಿನ ಇರುವಾಗ. ಡಬ್ಬ ಒಡೆದು ಪ್ಲಗ್ಗು ಹಾಕಲು ಹೋದೆ. ಅತ್ತೆ ತಡೆದರು. ಅವರು ದಾವಣಗೆರೆ ಕಡೆಯವರು. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾದರೂ ಮಾತು ಊರಿನದೇ.

"ತಡಿಯವ್ವ. ಇನ್ನೆರಡು ದಿನಕ್ಕೆ ಆಯುಧಪೂಜೆ ಐತೆ. ಹೊಸ ಮಿಷನ್ನು, ಪೂಜೆ ಮಾಡಿ ಚಾಲೂ ಮಾಡಿದ್ರಾತು" ಎಂದರು.

ಬೇರೆ ದಿನವಾಗಿದ್ದರೆ ನಾನು ಕೇಳುತ್ತಿರಲಿಲ್ಲ. ಆದರೆ ನನ್ನ ಸಾಮಾನನ್ನು ಈ ಮನೆಯಲ್ಲಿ ಯಾರಾದರೂ ಆಯುಧವೆಂದು ಎಣಿಸಿದ್ದು ಅದೇ ಮೊದಲು. ಪ್ಲಗ್ಗು ಕೆಳಗಿಟ್ಟೆ. ಪೂಜೆಯ ದಿನ ಯಜಮಾನರ ಅಳತೆಯ ಸಾಮಾನು, ಸ್ಪ್ಯಾನರ್ ಸೆಟ್, ಮಿಕ್ಸಿ, ಹೊಲಿಗೆ ಯಂತ್ರ ಎಲ್ಲದರ ನಡುವೆ ನನ್ನ ಆಸಿಲೋಸ್ಕೋಪ್ ಕೂತಿತ್ತು. ಅತ್ತೆ ಅದರ ನೆತ್ತಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಕುಂಕುಮವಿಟ್ಟು, ಸೇವಂತಿಗೆ ಏರಿಸಿದರು. ಪಕ್ಕದ ಮನೆಯವರ ಡಿಜಿಟಲ್ ಕ್ಯಾಮೆರಾ ಇಸಿದುಕೊಂಡು ಬಂದು ಫೋಟೊ ತೆಗೆದೆ. ಅಷ್ಟು ಖುಷಿ ನನಗೆ.

ಮರುದಿನ ಸ್ವಿಚ್ ಹಾಕಿದರೆ ಕೆಂಪು ದೀಪವೇನೋ ಹತ್ತಿತು, ಹಸಿರು ಗೆರೆ ಮೂಡಲಿಲ್ಲ. ತಿರುಗಿಸುವ ಗುಬುಟುಗಳನ್ನೆಲ್ಲ ತಿರುಗಿಸಿದ್ದಾಯಿತು. ಆಮೇಲೆ ನನ್ನಂಥವರು ಮಾತ್ರ ಮಾಡುವ ತಪ್ಪು ಮಾಡಿದೆ. ಸೈಟಿಗೆ ದೂರು ಕೊಡುವ ಮೊದಲೇ ಸ್ಕ್ರೂಡ್ರೈವರ್ ತಗೊಂಡು ಮುಚ್ಚಳ ಬಿಚ್ಚಿದೆ. ಒಳಗೆ ನೋಡಿ ಮೈ ಉರಿಯಿತು. ಇರಬೇಕಾದ ಒಂದು ಸರ್ಕ್ಯೂಟ್ ಬೋರ್ಡೇ ಇರಲಿಲ್ಲ. ಅದಕ್ಕೆ ಸೇರಬೇಕಿದ್ದ ವೈರುಗಳನ್ನು ಅಂದವಾಗಿ ಮಡಚಿ ಹಸಿರು ಪ್ಲಾಸ್ಟಿಕ್ ದಾರದಿಂದ ಕಟ್ಟಿದ್ದರು.

ಅವತ್ತೇ ಸೈಬರ್ ಕೆಫೆಗೆ ಹೋಗಿ, ಬಿಚ್ಚಿ ನೋಡಿದರೆ ಒಳಗೆ ಬೋರ್ಡೇ ಇಲ್ಲ ಎಂದು ದೂರು ಬರೆದೆ. ಯಂತ್ರದ ಫೋಟೊ ಕಳಿಸಿ ಎಂದು ಸೈಟಿನವರು ಕೇಳಿದ್ದಕ್ಕೆ, ಇದ್ದ ಫೋಟೊವನ್ನೇ ಕಳಿಸಿದೆ. ವಿಭೂತಿ, ಕುಂಕುಮ, ಸೇವಂತಿಗೆ ಸಮೇತ!

ಮೂರನೆಯ ದಿನ ಮಾರಿದವನ ಉತ್ತರ ಬಂತು. 'ಕೊಂಡವರು ಯಂತ್ರದ ಮೇಲೆ ಬೂದಿ, ಕುಂಕುಮ ಸುರಿದಿದ್ದಾರೆ. ಅದು ಗಾಳಿಯ ಕಿಂಡಿಯಿಂದ ಒಳಗೆ ಬಿದ್ದು ಯಂತ್ರ ಸುಟ್ಟಿದೆ. ಬಿಚ್ಚಿಯೂ ನೋಡಿದ್ದಾರೆ. ಏನು ತೆಗೆದುಕೊಂಡಿದ್ದಾರೋ ಯಾರಿಗೆ ಗೊತ್ತು? ವಾಪಸ್ ತೆಗೆದುಕೊಳ್ಳುವುದಿಲ್ಲ.' ಬಿಚ್ಚಿದ ಮಾಲಿಗೆ ನಮ್ಮ ಹೊಣೆಯಿಲ್ಲ, ಮಾರಿದವರು ತಪ್ಪು ಒಪ್ಪಿದರೆ ಮಾತ್ರ ಹಣ ವಾಪಸ್ ಎಂದು ಸೈಟಿನವರೂ ಕೈ ತೊಳೆದುಕೊಂಡರು.

ಅದರ ಪ್ರಿಂಟ್ ಮನೆಗೆ ತಂದಿದ್ದೆ. ಯಜಮಾನರು ರಾತ್ರಿ ಊಟದ ಹೊತ್ತಿಗೆ ಅದನ್ನು ಕನ್ನಡ ಮಾಡಿ ಜೋರಾಗಿ ಓದಿ, "ನೋಡಮ್ಮಾ, ನಿನ್ನ ವಿಭೂತಿ ಪವರ್ರು!" ಎಂದು ನಕ್ಕರು. ಅತ್ತೆ ನಗಲಿಲ್ಲ. ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದರು.

ಮರುದಿನದಿಂದ ಅವರು ಹಿಂದಿನ ವರಾಂಡಕ್ಕೆ ಕಾಲಿಡಲಿಲ್ಲ. ಒಣಗಿದ ಬಟ್ಟೆ ತಗೊಂಡು ಬನ್ನಿ ಅತ್ತೆ ಎಂದರೆ, "ನಾ ಒಲ್ಲೆನವ್ವ. ಏನಾರ ಮುಟ್ಟಿ ಏನಾರ ಆದೀತು" ಎಂದರು. ದಿನಾ ಬೆಳಿಗ್ಗೆ ವರ್ಕ್‌ಶಾಪಿಗೆ ಹೊರಡುವ ಮಗನ ಹಣೆಗೆ ವಿಭೂತಿ ಹಚ್ಚುತ್ತಿದ್ದವರು ಅದನ್ನೂ ನಿಲ್ಲಿಸಿದರು. ನಾನು ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು, ಬೋರ್ಡ್ ಇಲ್ಲದ ಜಾಗ ತೋರಿಸಿದೆ. "ಅತ್ತೆ, ಇಲ್ಲಿ ಬೋರ್ಡೇ ಇಲ್ಲ. ಇಲ್ಲದೇ ಇರೋದು ಹೇಗೆ ಸುಡುತ್ತೆ?" ಎಂದೆ.

"ನನ್ನ ಸಮಾಧಾನಕ್ಕೆ ಹೇಳ್ತಿ ನೀನು" ಎಂದು ಮುಖ ತಿರುಗಿಸಿದರು.

ಆ ಮಾತು ನನಗೆ ನಾಟಿತು. ಕಷ್ಟಪಟ್ಟು ಕೂಡಿಟ್ಟ ಆರು ಸಾವಿರ ಹೋಗಿದ್ದಕ್ಕೆ ಸಂಕಟ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಎಂಟು ಹತ್ತು ದಿನದಲ್ಲಿ ಆ ಮುದುಕಿ ಮನೆಯಲ್ಲಿ ಗೋಡೆ ಹಿಡಿದು ನಡೆಯುವಂತಾದದ್ದು ನೋಡಿ ಸಿಟ್ಟು ನೆತ್ತಿಗೇರಿತು. ನಾನು ಹೇಳಿದರೆ ಸಮಾಧಾನದ ಮಾತು. ಹಾಗಾದರೆ ಸುಳ್ಳು ಬರೆದವನೇ ಹೇಳಲಿ ಎಂದುಕೊಂಡೆ.

ಪಾರ್ಸೆಲ್ಲಿನ ಕವರು ಎಸೆದಿರಲಿಲ್ಲ. ಮುಂಬೈಯೋ ದೆಹಲಿಯೋ ಎಂದುಕೊಂಡು ವಿಳಾಸ ಓದಿದರೆ, ನಾಯಂಡಹಳ್ಳಿ! ಇಡೀ ದೇಶದ ಹರಾಜಿನಲ್ಲಿ ಗೆದ್ದ ಮಾಲು ಇಲ್ಲೇ ಬೆಂಗಳೂರಿನ ಮೈಸೂರು ರೋಡಿನಿಂದ ಬಂದಿತ್ತು.

"ನಾಯಂಡಹಳ್ಳಿವರೆಗೂ ಜಗಳಕ್ಕೆ ಹೋಗ್ತೀಯಾ? ಹೋಗ್ಲಿ ಬಿಡು ಕಣೇ" ಎಂದರು ಯಜಮಾನರು.

"ದುಡ್ಡು ಹೋದ್ರೆ ಹೋಗ್ಲಿ ರೀ. ಬರೆದಿದ್ದು ಸುಳ್ಳು ಅಂತ ಅವನ ಬಾಯಲ್ಲೇ ಬರ್ಬೇಕು" ಎಂದೆ.

ಶನಿವಾರ ಶಾಲೆ ಅರ್ಧ ದಿನ. ಮಧ್ಯಾಹ್ನ ಆಟೋ ತಂದು ಯಂತ್ರ ಏರಿಸಿ, ಅತ್ತೆಯನ್ನೂ ಹೊರಡಿಸಿದೆ. ಬರುವುದಿಲ್ಲ ಎಂದು ಹಟ ಮಾಡಿದರು. ನನ್ನ ಹಟದ ಮುಂದೆ ಅವರದು ನಡೆಯಲಿಲ್ಲ. ಆಟೋದಲ್ಲಿ ಯಂತ್ರ ನಮ್ಮಿಬ್ಬರ ನಡುವೆ ಇತ್ತು. ದಾರಿಯುದ್ದಕ್ಕೂ ಅವರು ಎರಡು ಕೈಯನ್ನೂ ಸೆರಗಿನೊಳಗೆ ಸುತ್ತಿಕೊಂಡು, ಅದಕ್ಕೆ ಮೈ ತಾಗದಂತೆ ಅಂಚಿಗೆ ಸರಿದು ಕೂತಿದ್ದರು.

ಕವರಿನ ಮೇಲಿದ್ದ ವಿಳಾಸದ ಗೋಡೌನ್ ಒಂದು ಗ್ಯಾರೇಜಿನ ಹಿಂದಿತ್ತು. ಫ್ಯಾಕ್ಟರಿಗಳು ಹಳೆಯ ಸಾಮಾನು ವಿಲೇವಾರಿ ಮಾಡುವಾಗ ಒಟ್ಟಿಗೆ ಕೊಂಡು ತಂದು, ಒಂದೊಂದಾಗಿ ಮಾರುವ ವ್ಯಾಪಾರ. ಮಾರಿದವನ ಹೆಸರು ಚಂದ್ರು. ನಲವತ್ತರ ಆಸುಪಾಸು, ಕಂಪ್ಯೂಟರ್ ಮುಂದೆ ಕೂತಿದ್ದ. ಯಂತ್ರ ನೋಡಿದ ಕೂಡಲೇ ಗುರುತು ಹಿಡಿದ.

"ಮೇಡಂ, ಇದೆಲ್ಲ ಸೈಟಲ್ಲೇ ಮಾತಾಡ್ಬೇಕು. ಇಲ್ಲಿಗೆಲ್ಲ ಬರೋ ಹಂಗಿಲ್ಲ."

"ಬಂದಾಯ್ತಲ್ಲ ಸಾರ್. ವಿಭೂತಿಯಿಂದ ಕೆಟ್ಟಿದೆ ಅಂತ ಬರೆದಿದೀರ. ಹಚ್ಚಿದೋರು ಇವರೇ. ಇವರಿಗೇ ಹೇಳಿ" ಎಂದೆ.

ಅವನು ಅತ್ತೆಯ ಕಡೆ ನೋಡಿ ಸ್ವಲ್ಪ ತಡವರಿಸಿದ. "ಬೂದಿ ಒಳಗೆ ಹೋದ್ರೆ ಶಾರ್ಟ್ ಆಗುತ್ತಮ್ಮಾ. ನಿಮಗೆ ಗೊತ್ತಾಗಲ್ಲ" ಎಂದ.

ಅತ್ತೆಯ ಕಣ್ಣು ಬಾಗಿಲ ಪಕ್ಕದ ತೂಕದ ಯಂತ್ರದ ಮೇಲೆ ನೆಟ್ಟಿತ್ತು. ಅದರ ಮೇಲೆ ಆಯುಧಪೂಜೆಯ ಅರಿಶಿನ ಕುಂಕುಮ ಇನ್ನೂ ಹಾಗೇ ಇತ್ತು. ಅವನ ಕಂಪ್ಯೂಟರಿನ ನೆತ್ತಿಯ ಮೇಲೂ ಇತ್ತು.

"ಇದಕ್ಕೆ ಯಾರಪ್ಪಾ ಕುಂಕುಮ ಹಚ್ಚಿದ್ದು?" ಎಂದು ಮೆಲ್ಲಗೆ ಕೇಳಿದರು.

"ನಮ್ಮಮ್ಮ."

"ತೂಗ್ತೈತಾ?"

ಚಂದ್ರು ಕಂಪ್ಯೂಟರಿನ ಕಡೆ ತಿರುಗಿದ. ನಾನು ಅಷ್ಟರಲ್ಲಿ ಗೋಡೆಯ ಕಡೆಗಿದ್ದ ಕಬ್ಬಿಣದ ರ‍್ಯಾಕ್ ನೋಡುತ್ತಿದ್ದೆ. ಮುಚ್ಚಳವಿಲ್ಲದ ಎಂಟು ಹತ್ತು ಯಂತ್ರಗಳು ಅಲ್ಲಿ ಸಾಲಾಗಿ ಕೂತಿದ್ದವು. ಒಂದರ ಬೋರ್ಡ್ ಕಿತ್ತು ಇನ್ನೊಂದಕ್ಕೆ ಹಾಕುವುದು ಈ ವ್ಯಾಪಾರದಲ್ಲಿ ಮಾಮೂಲು. ಬೋರ್ಡ್ ಕಿತ್ತ ಕಡೆಯೆಲ್ಲ ವೈರುಗಳನ್ನು ಮಡಚಿ ಕಟ್ಟಿತ್ತು. ಎಲ್ಲವಕ್ಕೂ ಅದೇ ಹಸಿರು ದಾರ, ಅದೇ ಎರಡು ಸುತ್ತು, ಅದೇ ಗಂಟು. ದಾರದ ಉಂಡೆ ಅವನ ಮೇಜಿನ ಮೊಳೆಗೇ ನೇತಾಡುತ್ತಿತ್ತು.

ನಾನು ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ನಮ್ಮ ಯಂತ್ರದ ಮುಚ್ಚಳ ಬಿಚ್ಚಿ ಅವನ ಮುಂದೆ ತಿರುಗಿಸಿದೆ. "ಸಾರ್, ಈ ಗಂಟು ಯಾರು ಹಾಕಿದ್ದು? ನಮ್ಮತ್ತೆನಾ?"

ಅವನು ಗಂಟು ನೋಡಿದ, ರ‍್ಯಾಕ್ ನೋಡಿದ. ಅವನ ಕೈಚಳಕ ಅವನಿಗೆ ಗೊತ್ತಾಗದೆ ಇರುತ್ತದೆಯೇ! ಡ್ರಾಯರ್ ಎಳೆದು ನೋಟು ಎಣಿಸಿ ಮೇಜಿನ ಮೇಲಿಟ್ಟ. ಪೂರ್ತಿ ಆರು ಸಾವಿರ.

"ಮಿಸ್ಟೇಕ್ ಆಗಿದೆ ಮೇಡಂ. ಯಾವ್ದೋ ಪೀಸ್ ಯಾವ್ದಕ್ಕೋ ಪ್ಯಾಕ್ ಆಗೋಗಿದೆ. ದುಡ್ಡು ತಗೊಳ್ಳಿ, ಸೈಟಲ್ಲಿ ಕಂಪ್ಲೇಂಟ್ ವಾಪಸ್ ತಗೋಬಿಡಿ. ಮಾಲು ಸರಿಯಿತ್ತು ಅಂತ ಹಾಕ್ಬಿಡಿ, ಸಾಕು."

"ದುಡ್ಡು ಸೈಟಿಂದಾನೇ ಬರ್ಲಿ ಸಾರ್. ನೀವು ಬರೆದಿದ್ದು ಸುಳ್ಳು, ಕಳಿಸೋಕ್ ಮುಂಚೇನೇ ಕೆಟ್ಟಿತ್ತು ಅಂತ ಅಲ್ಲೇ ಬರೀರಿ."

"ಅಯ್ಯೋ, ರೇಟಿಂಗ್ ಹೋಗುತ್ತೆ ಮೇಡಂ! ಮೂರು ವರ್ಷ ಕಷ್ಟಪಟ್ಟು ಕಟ್ಟಿರೋ ಹೆಸರು. ನೀವು ಕೇಳಿದ್ದು ದುಡ್ಡು ತಾನೆ? ಕೊಡ್ತಾ ಇದೀನಲ್ಲ!"

"ನಿಮ್ಮ ಹೆಸರು ಹೆಸರು, ಇವರದು ಹೆಸರಲ್ವಾ? ಬರೆಯೋವರೆಗೂ ಏಳಲ್ಲ" ಎಂದು ಅಲ್ಲೇ ಇದ್ದ ಸ್ಟೂಲ್ ಎಳೆದು ಕೂತೆ. ಅತ್ತೆ ಒಂದು ವೈರಿನ ಮೂಟೆಯ ಮೇಲೆ ಕೂತು ಎಲೆ ಅಡಿಕೆ ಚೀಲ ಬಿಚ್ಚಿದರು.

ಮುಕ್ಕಾಲು ಗಂಟೆ ಹಾಗೇ ಕೂತಿದ್ದೆವು. ಚಂದ್ರು ಫೋನಿನಲ್ಲಿ ಮಾತಾಡಿದ, ಹೊರಗೆ ಹೋದ, ಮತ್ತೆ ಬಂದ. ನಡುವೆ ಗಿರಾಕಿಯೊಬ್ಬರು ಬಂದು ಒಂದು ಪವರ್ ಸಪ್ಲೈ ಎತ್ತಿ ನೋಡತೊಡಗಿದರು. ಅತ್ತೆ ಎಲೆಗೆ ಸುಣ್ಣ ಸವರುತ್ತಾ, "ಬಿಚ್ಚಿ ನೋಡಿ ತಗೊಳ್ಳಪ್ಪ. ಒಳಗ ಏನೂ ಇರಂಗಿಲ್ಲ. ಆಮ್ಯಾಲೆ ನಿಮ್ಮ ಮನಿ ಮುದುಕಿ ಮ್ಯಾಲೆ ಬರ್ತೈತೆ" ಎಂದರು. ಗಿರಾಕಿ ಪವರ್ ಸಪ್ಲೈಯನ್ನು ಇದ್ದಲ್ಲೇ ಇಟ್ಟು ನಮ್ಮ ಮೂವರ ಮುಖವನ್ನೂ ನೋಡಿದರು.

ಚಂದ್ರು ಕೈ ಮುಗಿದ. "ಆಯ್ತಮ್ಮಾ, ಬರೀತೀನಿ. ದಯವಿಟ್ಟು ನೀವು ಮಾತಾಡ್ಬೇಡಿ" ಎಂದು ಕಂಪ್ಯೂಟರ್ ಮುಂದೆ ಕೂತ. ನಾನು ಬೆನ್ನ ಹಿಂದೆ ನಿಂತು ಒಂದೊಂದು ಸಾಲೂ ನೋಡಿದೆ. ಬೋರ್ಡ್ ಇಲ್ಲದ ಯಂತ್ರ ನನ್ನಿಂದಲೇ ಹೋಗಿದೆ, ಪೂಜೆಯಿಂದ ಏನೂ ಆಗಿಲ್ಲ, ಹಣ ವಾಪಸ್ ಕೊಡಿ ಎಂದು ಬರೆದು ಕಳಿಸಿದ. "ಈಗ ಕನ್ನಡದಲ್ಲಿ ಹೇಳಿ" ಎಂದೆ. ಅವನು ಅತ್ತೆಯ ಕಡೆ ತಿರುಗಿ, "ನಿಮ್ಮ ವಿಭೂತಿಯಿಂದ ಏನೂ ಆಗಿಲ್ಲಮ್ಮಾ. ತಪ್ಪು ನಂದು" ಎಂದ. ಅತ್ತೆ ತಲೆ ಆಡಿಸಿದರು ಅಷ್ಟೇ.

ಯಂತ್ರ ಅಲ್ಲೇ ಬಿಟ್ಟು ರಸೀದಿ ಬರೆಸಿಕೊಂಡು ಬಸ್ ಸ್ಟಾಪಿಗೆ ಬಂದೆವು. ರಿಂಗ್ ರೋಡಿನ ಧೂಳು, ಲಾರಿಗಳ ಸದ್ದು. ಅತ್ತೆ ನನ್ನ ಕೈ ಹಿಡಿದುಕೊಂಡರು. ಆಮೇಲೆ, ಇಷ್ಟು ವರ್ಷ ಮಗನಿಗೂ ಹೇಳದ ಒಂದು ಸಂಗತಿ ಹೇಳಿದರು.

ಅವರು ಮದುವೆಯಾಗಿ ಬಂದ ವರ್ಷ ಗಂಡನ ಮನೆಯಲ್ಲಿ ಹಿಟ್ಟಿನ ಗಿರಣಿಗೆ ಹೊಸ ಮೋಟಾರ್ ತಂದಿದ್ದರಂತೆ. ಹೊಸ ಸೊಸೆಯ ಕೈಯಲ್ಲೇ ಆರತಿ ಮಾಡಿಸಿದರಂತೆ. ವಾರದಲ್ಲಿ ಮೋಟಾರ್ ಸುಟ್ಟುಹೋಯಿತು. ಸೊಸೆಯ ಕೈಗುಣ ಎಂದು ಊರೆಲ್ಲ ಮಾತಾಯಿತು. ಅವರ ಮಾವ ಬದುಕಿರುವವರೆಗೆ ಅತ್ತೆಯನ್ನು ಗಿರಣಿಯ ಹೊಸ್ತಿಲು ಹತ್ತಲು ಬಿಡಲಿಲ್ಲವಂತೆ.

"ಆವಾಗ ನನ್ನ ಪರವಾಗಿ ಒಬ್ರೂ ಬಾಯಿ ಬಿಡ್ಲಿಲ್ಲ ಶೋಭಾ. ನಿಮ್ಮ ಮಾವನೂ ಸುಮ್ನೆ ನಿಂತಿದ್ರು. ನೀನು ಆರು ಸಾವಿರ ಕಣ್ಣ ಮುಂದಿದ್ರೂ ಆ ಕಡೆ ತಿರುಗಿ ನೋಡ್ಲಿಲ್ಲ."

ಬಸ್ ಬಂತು, ಹತ್ತಿದೆವು.

ಹತ್ತು ಹನ್ನೆರಡು ದಿನದಲ್ಲಿ ಸೈಟಿನಿಂದ ಹಣ ವಾಪಸ್ ಬಂತು. ಮುಂದಿನ ವರ್ಷ ಬೇರೆಯವರ ಬಳಿ, ಎದುರಿಗೇ ಹಸಿರು ಗೆರೆ ನೋಡಿ, ಒಂದು ಆಸಿಲೋಸ್ಕೋಪ್ ಕೊಂಡೆ. ಅತ್ತೆ ಇರುವವರೆಗೂ ಮನೆಗೆ ಬಂದ ನೆಂಟರಿಗೆಲ್ಲ, ನನ್ನ ಸೊಸೆ ದುಡ್ಡಿನ ಕಡೆ ತಿರುಗಿಯೂ ನೋಡಲಿಲ್ಲ ಎಂದು ಹೇಳುತ್ತಿದ್ದರು. ನಾನು ತಲೆ ತಗ್ಗಿಸಿ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ವಿನಯ ಎಂದುಕೊಳ್ಳುತ್ತಿದ್ದರು ಎಲ್ಲರೂ.

ಅವರು ತೀರಿಕೊಂಡು ಈಗ ಕೆಲವು ವರ್ಷವಾಯಿತು. ಅವರ ಎದುರು ಹೇಳಲಾಗದ್ದನ್ನು ಇಲ್ಲಿ ಬರೆದುಬಿಡುತ್ತೇನೆ. ಚಂದ್ರು ನೋಟು ಎಣಿಸಿ ಮೇಜಿನ ಮೇಲಿಟ್ಟಾಗ ನಾನು ನೋಡಿದ್ದೆ. ನೋಡಿದ್ದಷ್ಟೇ ಅಲ್ಲ, ಸೆರಗಿನ ಮರೆಯಲ್ಲಿ ನನ್ನ ಕೈ ಅರ್ಧ ಮುಂದೆ ಹೋಗಿತ್ತು. ಆಗ ಪಕ್ಕದಲ್ಲಿ ನಿಂತಿದ್ದ ಅತ್ತೆಯ ಕಡೆ ಕಣ್ಣು ಹೋಯಿತು. ಅವರು ಇನ್ನೂ ಎರಡು ಕೈಯನ್ನೂ ಸೆರಗಿನೊಳಗೇ ಬಚ್ಚಿಟ್ಟುಕೊಂಡಿದ್ದರು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ.