ಟೈಪಿಂಗ್ ಮೇಷ್ಟ್ರೂ ನನ್ನ ಮೂಗರ್ಜಿಯೂ

ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಮುಖ ಮಾಡಿಕೊಂಡಿರುವ ಒಂದು ರೆಸಾರ್ಟಿನ ಬಾಗಿಲಲ್ಲೇ ಹಳೆಯ ಟೈಪ್‌ರೈಟರ್ ಒಂದನ್ನು ಅಲಂಕಾರಕ್ಕೆ ಇಟ್ಟಿದ್ದರು. ಮೈಗೆಲ್ಲ ವಾರ್ನಿಶ್ ಬಳಿದು, ಕಾಗದ ತೂರಿಸುವ ರೋಲರಿನ ಮೇಲೆ ಪ್ಲಾಸ್ಟಿಕ್ ಹೂವಿನ ಬಳ್ಳಿ ಇಳಿಬಿಟ್ಟಿದ್ದರು. ಬಂದವರೆಲ್ಲ ಅದರ ಪಕ್ಕ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದರು. ಯಾರೂ ಇಲ್ಲದ ಹೊತ್ತು ನೋಡಿ ನಾನು ಬಗ್ಗಿ ಮೂಸಿದೆ. ವಾರ್ನಿಶ್ಶಿನ ಅಡಿಯಲ್ಲಿ, ಕೀಲಿಗಳ ಸಂದಿಯಲ್ಲಿ, ಮಷೀನ್ ಎಣ್ಣೆಯೂ ರಿಬ್ಬನ್ನಿನ ಮಸಿಯೂ ಸೇರಿದ ಆ ವಾಸನೆ ಇನ್ನೂ ಉಳಿದಿತ್ತು... ಇಪ್ಪತ್ತೈದು ವರ್ಷದ ಹಿಂದೆ ನನ್ನ ಟೈಪಿಂಗ್ ಮೇಷ್ಟ್ರ ಅಂಗಿಯಿಂದ ಬರುತ್ತಿದ್ದ ವಾಸನೆ.

ನಾನು ಅಲ್ಲಿಗೆ ವಿಹಾರಕ್ಕೆ ಹೋಗಿರಲಿಲ್ಲ. ನಾನೊಂದು ಕಚೇರಿಯಲ್ಲಿ ಗುಮಾಸ್ತೆ. ನಮ್ಮನ್ನೆಲ್ಲ ಎರಡು ದಿನದ ‘ಆತ್ಮಗೌರವ ಶಿಬಿರ’ಕ್ಕೆ ಕಳಿಸಿದ್ದರು. ತರಬೇತಿ ಕೊಡಲು ಬಂದವನಿಗೆ ಮೂವತ್ತೂ ತುಂಬಿರಲಿಲ್ಲ. ಕೆನ್ನೆಗೆ ಅಂಟಿಸಿಕೊಂಡ ಮೈಕು, ದವಡೆ ಹಲ್ಲೂ ಕಾಣುವ ನಗು. ನಮ್ಮೆಲ್ಲರಿಗೂ ಅಂಗೈ ಅಗಲದ ಕನ್ನಡಿ ಹಂಚಿ, ಮುಖ ನೋಡಿಕೊಂಡು ‘ನಾನು ಸಮರ್ಥ, ನಾನು ಸುಂದರ, ನನ್ನಂಥವರು ಇನ್ನೊಬ್ಬರಿಲ್ಲ’ ಎಂದು ಮೂರು ಸಲ ಹೇಳಿಸಿದ. ನಮ್ಮ ಹೆಡ್ ಕ್ಲರ್ಕು ಕಣ್ಣಂಚು ಒದ್ದೆ ಮಾಡಿಕೊಂಡು ಹೇಳಿದರು. ಅರ್ಜಿ ಹಿಡಿದು ಬಂದ ಮುದುಕಿಯರನ್ನು ನಾಳೆ ಬಾ, ನಾಡಿದ್ದು ಬಾ ಎಂದು ಹತ್ತಾರು ವರ್ಷ ಅಲೆಸಿದ ಮನುಷ್ಯ ಅವರು. ಇಂಥವರಿಗೆ ತಮ್ಮ ಮೇಲೆ ಗೌರವ ಕಮ್ಮಿಯಾಗಿದೆ ಎಂದು ಯಾವ ಪುಣ್ಯಾತ್ಮ ಕಂಡುಹಿಡಿದನೋ.

ನನ್ನ ಕನ್ನಡಿಯಲ್ಲಿ ನನ್ನ ಮುಖ ಇತ್ತು. ನಾನೂ ಹೇಳಿದೆ. ‘ನನ್ನಂಥವರು ಇನ್ನೊಬ್ಬರಿಲ್ಲ.’ ಅದೇನೂ ಸುಳ್ಳಲ್ಲ. ಮೇಷ್ಟ್ರಿಗೆ ನಾನು ಮಾಡಿದ್ದನ್ನು ಇನ್ನೊಬ್ಬರು ಮಾಡಿರಲಾರರು.

ಮೇಷ್ಟ್ರ ಟೈಪಿಂಗ್ ಶಾಲೆ ಇದ್ದದ್ದು ಪಾಂಡವಪುರದಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಎಂಟು ಮಷೀನುಗಳು, ಅದರಲ್ಲಿ ಮೂರು ಕನ್ನಡದವು. ಚಿನಕುರಳಿ ಕಡೆಯಿಂದ ಕಲ್ಲಿನ ಲಾರಿಗಳ ದೂಳು ಕುಡಿದುಕೊಂಡು ಬರುವ ಬಸ್ಸಿನಲ್ಲಿ ನಾನು ದಿನಾ ಅಲ್ಲಿಗೆ ಹೋಗುತ್ತಿದ್ದೆ. ಮೇಷ್ಟ್ರು ಕ್ರೈಸ್ತರು. ಬಾಗಿಲ ಮೇಲೆ ಬೆರಳುದ್ದದ ಒಂದು ಶಿಲುಬೆ ಇತ್ತು ಅನ್ನುವುದನ್ನು ಬಿಟ್ಟರೆ ಅದು ಗೊತ್ತಾಗಲು ಬೇರೆ ದಾರಿಯೇ ಇರಲಿಲ್ಲ. ನಮ್ಮಪ್ಪನ ಹಾಗೇ ಮಾತಾಡುತ್ತಿದ್ದರು, ನಮ್ಮಪ್ಪನ ಹಾಗೇ ರಾಗಿಮುದ್ದೆ ಇಲ್ಲದಿದ್ದರೆ ಊಟವೇ ಅಲ್ಲ ಅನ್ನುತ್ತಿದ್ದರು. ಧರ್ಮದ ಮಾತು ಅವರ ಬಾಯಲ್ಲಿ ಒಂದು ದಿನವೂ ಕೇಳಿರಲಿಲ್ಲ. ಬೆರಳು, ಕೀಲಿ, ಮಾರ್ಜಿನ್ನು, ಇಷ್ಟೇ. ಒಂದು ನಿಯಮವನ್ನಂತೂ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು: ಪೂರ್ಣವಿರಾಮ ಹೊಡೆದ ಮೇಲೆ ಎರಡು ಸಲ ಜಾಗ ಬಿಡಬೇಕು.

ನಾನು ಬಿಡುತ್ತಿರಲಿಲ್ಲ. ಎಲ್ಲರಿಗಿಂತ ವೇಗವಾಗಿ ಹೊಡೆಯುತ್ತಿದ್ದೆ. ವೇಗ ಇರುವವಳಿಗೆ ನಿಯಮ ಯಾಕೆ ಅನ್ನುವ ಕೊಬ್ಬು. ಊರಲ್ಲಿ ಮೊದಲ ಸಲಕ್ಕೇ ಪಿಯುಸಿ ಪಾಸಾದ ಹುಡುಗಿ ನಾನು. ಮನೆಯಲ್ಲಿ ಹೊಗಳಿ ಹೊಗಳಿ ಹಾಳು ಮಾಡಿದ್ದರು.

ಬೆಳಗಿನ ಹೊಸ ಮಕ್ಕಳಿಗೆ ಹೇಳಿಕೊಡಲು ಮೇಷ್ಟ್ರಿಗೆ ಒಬ್ಬರು ಬೇಕಾಯಿತು. ಅದು ನನಗೇ ಎಂದು ನಾನು ಊರಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಅವರು ನನಗಿಂತ ನಿಧಾನದ, ಆದರೆ ಅಚ್ಚುಕಟ್ಟಾಗಿ ಹೊಡೆಯುವ ಇನ್ನೊಬ್ಬ ಹುಡುಗಿಯನ್ನು ಆರಿಸಿದರು. ನಾನು ಎಲ್ಲರ ಎದುರಿಗೇ ಕೇಳಿದೆ.

“ಸಾರ್, ಅವಳಿಗಿಂತ ನನ್ನ ಸ್ಪೀಡು ಜಾಸ್ತಿ ಅಲ್ವಾ?”

“ಸ್ಪೀಡು ಅದೆ ಕಣವ್ವ, ಗ್ಯಾನ ಇಲ್ಲ. ಪೂರ್ಣವಿರಾಮ ಆದ್ಮೇಲೆ ಜಾಗ ಬುಡು, ಜಾಗ ಬುಡು ಅಂತ ಆರು ತಿಂಗ್ಳಿಂದ ಬಡ್ಕೋತಾ ಇವ್ನಿ. ಒಂದ್ಕಡೆ ಆದ್ರೂ ಬುಟ್ಟಿದ್ದೀಯಾ? ನೀನೇ ಕಲೀದೆ ಇನ್ನೊಬ್ರಿಗೆ ಏನ್ ಕಲಿಸ್ತೀಯೆ?”

ಎಂಟು ಮಷೀನೂ ನಿಂತವು. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಅವತ್ತು ನನಗಾದದ್ದಕ್ಕೆ ಶಿಬಿರದ ಹುಡುಗನ ಬಳಿ ಚೆಂದದ ಹೆಸರಿದೆ: ಆತ್ಮಗೌರವಕ್ಕೆ ಪೆಟ್ಟು. ಮದ್ದೂ ಇದೆ: ನಿಮ್ಮನ್ನು ಕುಗ್ಗಿಸುವವರ ಮಾತಿಗೆ ಬೆಲೆ ಕೊಡಬೇಡಿ, ನಿಮ್ಮ ಪರವಾಗಿ ನೀವೇ ನಿಲ್ಲಿ. ಯಾವ ಶಿಬಿರಕ್ಕೂ ಹೋಗದೆಯೇ ನಾನು ನನ್ನ ಪರವಾಗಿ ನಿಂತೆ. ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಮೇಷ್ಟ್ರದೇ ಮಷೀನಿನಲ್ಲಿ, ಮೇಷ್ಟ್ರದೇ ಕಾಗದ ಹಾಕಿ, ನಡುವೆ ಕಾರ್ಬನ್ ಇಟ್ಟು ಒಂದು ಮೂಗರ್ಜಿ ಹೊಡೆದೆ. ಈತ ಹೆಣ್ಣುಮಕ್ಕಳಿಗೆ ಟೈಪಿಂಗ್ ನೆಪದಲ್ಲಿ ಆಸೆ ತೋರಿಸಿ ಜಾತಿ ಕೆಡಿಸುತ್ತಿದ್ದಾನೆ, ಒಪ್ಪದವರನ್ನು ಮೇಲೆ ಬರಲು ಬಿಡುವುದಿಲ್ಲ... ಕೆಳಗೆ ‘ನೊಂದ ಪೋಷಕರು’ ಎಂದು ಹಾಕಿದೆ. ಒಂದಕ್ಷರವೂ ನಿಜವಲ್ಲ. ಠಾಣೆಗೊಂದು, ಪೇಟೆಯ ಕೆಲವು ದೊಡ್ಡವರಿಗೆ ಒಂದೊಂದು ಪ್ರತಿ. ಅಂಚೆ ಡಬ್ಬಕ್ಕೆ ಹಾಕುವಾಗ ನ್ಯಾಯ ಮಾಡುತ್ತಿದ್ದೇನೆ ಅನ್ನುವ ಹೆಮ್ಮೆ ಇತ್ತು.

ಪೊಲೀಸರು ಬಂದು ವಿಚಾರಿಸಿ, ಏನೂ ಸಿಗದೆ ಹೋದರು. ಆದರೆ ಸುದ್ದಿ ಹೋಗಲಿಲ್ಲ. ಯಾರೋ ಬೋರ್ಡಿಗೆ ಸಗಣಿ ಎರಚಿದರು. ಒಬ್ಬೊಬ್ಬರೇ ಅಪ್ಪಂದಿರು ಬಂದು ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಎರಡು ವಾರದಲ್ಲಿ ಆ ಮಹಡಿಯ ಸದ್ದು ಇಳಿದು ಇಳಿದು ಒಂದೆರಡು ಮಷೀನಿನ ಟಕಟಕ ಉಳಿಯಿತು. ಮೇಷ್ಟ್ರು ಮಾತ್ರ ದಿನಾ ಬೆಳಿಗ್ಗೆ ಬಾಗಿಲು ತೆಗೆದು, ಎಂಟೂ ಮಷೀನಿನ ದೂಳು ಒರೆಸಿ ಕೂರುತ್ತಿದ್ದರಂತೆ. ‘ಅಂತೆ’ ಯಾಕೆಂದರೆ ನಾನೂ ಹೋಗುವುದನ್ನು ಬಿಟ್ಟಿದ್ದೆ. ಅಷ್ಟು ಹೊತ್ತಿಗೆ ಹೆಮ್ಮೆ ಕರಗಿ ಹೋಗಿತ್ತು, ಆ ಮೆಟ್ಟಿಲು ಹತ್ತುವ ಮುಖ ಇರಲಿಲ್ಲ.

ಒಂದು ಮಧ್ಯಾಹ್ನ ಮೇಷ್ಟ್ರು ನಮ್ಮ ಮನೆಗೇ ಬಂದರು. ಪಡಸಾಲೆಯಲ್ಲಿ ಅವರನ್ನು ಕಂಡು ನಾನು ಕಂಬದ ಹಿಂದೆ ಸರಿದೆ. ಅವರು ಅಪ್ಪ ಕೊಟ್ಟ ಮಜ್ಜಿಗೆ ಕುಡಿದು, ಚೀಲದಿಂದ ಪರೀಕ್ಷೆಯ ಅರ್ಜಿ ತೆಗೆದರು.

“ಇದ್ಕೆ ಇವ್ಳು ಸೈನ್ ಆಕ್ಬೇಕು ಗೌಡ್ರೇ. ನಾಳೆ ಕಡೇ ದಿನ. ಬುದ್ವಂತೆ ಇವ್ಳು, ಪರೀಕ್ಸೆ ತಪ್ಪಿಸ್ಕೋಬಾರ್ದು.”

ನಾನು ಸೈನ್ ಹಾಕಿದೆ. ಬಸ್ಸಿನವರೆಗೂ ಬಿಟ್ಟು ಬಾ ಎಂದು ಅಪ್ಪ ಕಳಿಸಿದರು. ದಾರಿಯಲ್ಲಿ ಕಬ್ಬಿನ ಗದ್ದೆಯ ಬದಿಗೆ ನಿಂತು ಮೇಷ್ಟ್ರು ಜೇಬಿನಿಂದ ಇನ್ನೊಂದು ಕಾಗದ ತೆಗೆದರು. ನನ್ನ ಮೂಗರ್ಜಿ. ಅದನ್ನು ನಂಬದ ಪೇಟೆಯ ದೊಡ್ಡವರೊಬ್ಬರು ಅವರ ಕೈಗೇ ತಂದುಕೊಟ್ಟಿದ್ದರು.

“ಓದ್ದೆ. ಒಂದೇ ಒಂದು ಪೂರ್ಣವಿರಾಮದ ಮುಂದೂ ಜಾಗ ಬುಟ್ಟಿಲ್ಲ,” ಅಂದರು.

ನಾನು ಅಳುವುದಕ್ಕೆ ಶುರು ಮಾಡಿದೆ. ಅವರು ಸಮಾಧಾನ ಮಾಡಲಿಲ್ಲ. ಪರವಾಗಿಲ್ಲ ಅನ್ನಲಿಲ್ಲ. ನೀನಿನ್ನೂ ಚಿಕ್ಕವಳು ಅನ್ನಲಿಲ್ಲ.

“ನೀನು ತಪ್ಪು ಮಾಡ್ದೆ ಕಣವ್ವ. ಸಣ್ಣದಲ್ಲ. ನಮ್ಮನೆಯೋಳು ಬೀದೀಲಿ ತಲೆ ಎತ್ಕೊಂಡು ಓಡಾಡಿ ಒಂದು ತಿಂಗ್ಳಾಯ್ತು.” ಕಾಗದವನ್ನು ಮಡಿಸಿ ಮತ್ತೆ ಜೇಬಿಗಿಟ್ಟುಕೊಂಡರು. “ನಾನು ಕ್ಸಮಿಸಿದ್ದೀನಿ. ಅದು ಮುಗೀತು. ಸ್ವಾಮಾರದಿಂದ ಬಾ, ನಿನ್ ಕೈ ತುಕ್ಕಿಡ್ದಿರ್ತದೆ.”

“ನಾನು ಅದಕ್ಕೆ ಯೋಗ್ಯಳಲ್ಲ ಸಾರ್.”

“ಅಲ್ಲ. ಯಾರು ಅಂದೋರು ಯೋಗ್ಯಳು ಅಂತ? ಯೋಗ್ಯತೆ ನೋಡಿ ಕೊಟ್ರೆ ಅದು ಸಂಬ್ಳ. ನಮ್ಮಲ್ಲಿ ಕೃಪೆ ಅಂತಾರೆ, ಅದು ಅಂಗಲ್ಲ. ನಂಗೂ ಪುಕ್ಸಟ್ಟೆ ಸಿಕ್ಕಿದ್ದೇ. ನಿನ್ ತಾವ ಎಂಗೆ ಬೆಲೆ ಕೇಳ್ಲಿ?”

ಬಸ್ಸು ಬಂತು. ಹತ್ತುವ ಮುಂಚೆ ಒಂದೇ ಮಾತು ಹೇಳಿದರು. “ನಮ್ಮನೆಯೋಳಿಗೆ ನೀನೇ ಅಂತ ನಾನು ಏಳಿಲ್ಲ. ನಿಂಗೆ ಧೈರ್ಯ ಬಂದಾಗ ನೀನೇ ಓಗಿ ಏಳು.”

ನಾನು ಸೋಮವಾರ ಹೋದೆ. ಪರೀಕ್ಷೆಗೆ ಉಳಿದಿದ್ದ ಇಪ್ಪತ್ತು ದಿನವೂ ಅವರು ನನಗೆ ಎಲ್ಲರಿಗೆ ಹೇಳಿಕೊಟ್ಟ ಹಾಗೆಯೇ ಹೇಳಿಕೊಟ್ಟರು, ಬೈಯುವಾಗ ಬೈದರು. ಪರೀಕ್ಷೆ ಪಾಸಾಯಿತು, ಅದರ ಬಲದಿಂದಲೇ ಕೆಲಸವೂ ಸಿಕ್ಕಿತು. ಅವರ ಶಾಲೆ ಮೊದಲಿನಂತಾಗಲಿಲ್ಲ. ಆಮೇಲೆ ಕಂಪ್ಯೂಟರು ಬಂದು ಉಳಿದದ್ದನ್ನೂ ಮುಗಿಸಿತು. ಕಂಪ್ಯೂಟರಿನಿಂದ ಮುಚ್ಚಿತು ಎಂದು ನಾನೇ ಹಲವರ ಬಳಿ ಹೇಳಿದ್ದೇನೆ. ಮೇಷ್ಟ್ರ ಹೆಂಡತಿಯ ಬಳಿ ಮಾತ್ರ ಹೋಗಲಿಲ್ಲ. ಧೈರ್ಯ ಬರಲಿಲ್ಲ ಎಂದರೆ ಅದು ಮರ್ಯಾದೆಯ ಮಾತಾಯಿತು. ನನ್ನ ಹೆಸರು ಚೊಕ್ಕಟವಾಗಿತ್ತು, ಅದು ಹಾಗೇ ಇರಲಿ ಅನ್ನಿಸಿತು. ಐದು ವರ್ಷದ ಹಿಂದೆ ಮೇಷ್ಟ್ರು ತೀರಿಕೊಂಡರು ಎಂದು ಮೊಬೈಲಿಗೆ ಸುದ್ದಿ ಬಂತು. ಕಚೇರಿಯಲ್ಲಿ ಕೆಲಸ ಇದೆ ಎಂದುಕೊಂಡು ಮಣ್ಣಿಗೂ ಹೋಗಲಿಲ್ಲ. ಅಲ್ಲಿ ಆಯಮ್ಮ ಇರುತ್ತಾರಲ್ಲ...

ಶಿಬಿರದ ಎರಡನೆಯ ದಿನ ಆ ಹುಡುಗ, “ಯಾವ ಹಳೆಯ ತಪ್ಪಿಗೆ ನಿಮ್ಮನ್ನು ನೀವು ಶಿಕ್ಷಿಸಿಕೊಳ್ತಿದ್ದೀರಿ? ಎದ್ದು ಹೇಳಿ, ಹಗುರಾಗಿ,” ಅಂದ. ಯಾಕೆ ಎದ್ದೆನೋ ಗೊತ್ತಿಲ್ಲ. ಬಾಗಿಲಲ್ಲಿದ್ದ ಆ ವಾಸನೆ ಎರಡು ದಿನದಿಂದ ಮೂಗು ಬಿಟ್ಟಿರಲಿಲ್ಲ. ಎದ್ದು ಎಲ್ಲವನ್ನೂ ಹೇಳಿದೆ.

ಅವನು ಎರಡೂ ಕೈ ಎದೆಗಿಟ್ಟುಕೊಂಡ. “ಮೇಡಂ, ಆಗ ನೀವು ನೊಂದಿದ್ರಿ. ಅವರು ನಿಮ್ಮನ್ನ ಎಲ್ಲರೆದುರು ಕುಗ್ಗಿಸಿದ್ರು. ನಿಮ್ಮೊಳಗಿನ ಆ ಹುಡುಗೀನ ತಬ್ಬಿಕೊಳ್ಳಿ. ನನ್ನನ್ನು ನಾನು ಕ್ಷಮಿಸಿದ್ದೇನೆ ಅನ್ನಿ. ಎಲ್ಲರೂ ಮೇಡಂಗೆ ಜೋರಾಗಿ ಚಪ್ಪಾಳೆ!”

ಚಪ್ಪಾಳೆ ಬಿತ್ತು. ನನ್ನ ಮೂಗರ್ಜಿಗೆ ನಲವತ್ತು ಜನ ಚಪ್ಪಾಳೆ ತಟ್ಟಿದರು. ಹೆಡ್ ಕ್ಲರ್ಕು ಎದ್ದು ನಿಂತು ತಟ್ಟಿದರು. ನನಗೆ ಹೇಸಿಗೆಯಾಯಿತು. ಹೊಡೆದವಳೇ ಹೊಡೆಸಿಕೊಂಡವರ ಪರವಾಗಿ ಸೈನ್ ಹಾಕಿ ಮುಗಿಸಿಬಿಡುವ ಕ್ಷಮೆ ಇದು! ಪೆಟ್ಟು ತಿಂದವರು ಒಂದೂರಲ್ಲಿ, ಕ್ಷಮಿಸುವವಳು ಇನ್ನೊಂದೂರಿನ ಎಸಿ ಹಾಲಿನಲ್ಲಿ. ಇಷ್ಟು ಸಲೀಸಾಗಿದ್ದರೆ ಮೇಷ್ಟ್ರು ಅವತ್ತು ಬಿಸಿಲಲ್ಲಿ ನಮ್ಮೂರಿಗೆ ಯಾಕೆ ಬರಬೇಕಿತ್ತು? ಅವರು ನನ್ನ ತಪ್ಪನ್ನು ತಪ್ಪು ಅಂದರು. ಅಂದಿದ್ದರಿಂದಲೇ ಅವರ ಕ್ಷಮೆಗೆ ತೂಕ ಇತ್ತು. ಈ ಹುಡುಗ ತಪ್ಪನ್ನೇ ಒರೆಸಿಹಾಕಿ, ಕ್ಷಮಿಸಲು ಏನೂ ಉಳಿಯದ ಜಾಗದಲ್ಲಿ ಕ್ಷಮೆ ಹಂಚುತ್ತಿದ್ದ. ಊಟದ ಹೊತ್ತಿಗೆ ಪಕ್ಕದ ಸೆಕ್ಷನ್ನಿನವಳು ಬಂದು “ಸೂಪರಾಗಿ ಮಾತಾಡಿದ್ರಿ ಮೇಡಂ” ಅಂದಳು. ನಾನು ತಟ್ಟೆ ಅಲ್ಲೇ ಬಿಟ್ಟು ಎದ್ದೆ.

ಮುಂದಿನ ಭಾನುವಾರ ಕೆ.ಆರ್. ಪೇಟೆಗೆ ಬಸ್ಸು ಹತ್ತಿದೆ. ಮೇಷ್ಟ್ರ ಹೆಂಡತಿ ಅಲ್ಲಿ ತಂಗಿಯ ಮನೆಯಲ್ಲಿದ್ದಾರೆ ಎಂದು ವಿಚಾರಿಸಿಕೊಂಡಿದ್ದೆ. ಆಯಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮೇಷ್ಟ್ರ ಹತ್ತಿರ ಟೈಪಿಂಗ್ ಕಲಿತವಳು ಎಂದೆ, ಮುಖ ಅರಳಿತು. ನಿಂತುಕೊಂಡೇ ಹೇಳಿ ಮುಗಿಸಿದೆ. ಸುಲಿಯುತ್ತಿದ್ದ ಕೈ ನಿಂತಿತು.

“ಆವಾಗ ಬೀದಿ ನಲ್ಲಿ ತಾವ್ಕೆ ನಾನೋದ್ರೆ ಎಂಗಸ್ರು ಅರ್ಧ ತುಂಬಿದ್ ಬಿಂದ್ಗೇನೂ ಎತ್ಕೊಂಡು ಓಗ್ಬುಡೋರು. ಗೊತ್ತಾ ನಿಂಗೆ?” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. “ಅವ್ರಿಗೆ ಗೊತ್ತಿತ್ತಾ, ನೀನೇ ಅಂತ?”

“ಗೊತ್ತಿತ್ತಮ್ಮ. ಆಗಲೇ ಕ್ಷಮಿಸಿದರು.”

“ಕ್ಸಮಿಸ್ತಾರೆ. ಅವ್ರು ಅಂತೋರೇ.” ಸುಲಿದ ಕಾಳನ್ನು ಒಂದು ಕಡೆಗೆ ಸರಿಸಿದರು. “ನಂಗೆ ಇವತ್ತು ಆಗಾಕಿಲ್ಲ ಕಣವ್ವ. ಆಯ್ತು ಅಂತ ಸುಳ್ಳು ಯಾಕೇಳ್ಲಿ? ಇನ್ನೊಂದಿನ ಬಾ.”

ಆಮೇಲೆ ಎರಡು ಸಲ ಹೋಗಿದ್ದೇನೆ. ಕಾಫಿ ಕೊಡುತ್ತಾರೆ. ಆ ಮಾತು ಎತ್ತುವುದಿಲ್ಲ. ಒಂದೊಂದು ಸಲ ನನ್ನ ಮುಖ ನೋಡಿ ಏನೋ ಹೇಳಲು ಹೊರಟು, ಯಾರನ್ನೋ ಕೇಳುವವರ ಹಾಗೆ ಪಕ್ಕಕ್ಕೆ ತಿರುಗಿ, ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾರೆ. ಮೇಷ್ಟ್ರು ಇದ್ದಾಗಲೇ ನಾನು ಬರಬೇಕಿತ್ತು. ಬಂದಿದ್ದರೆ, ಕ್ಷಮಿಸುವ ಈ ದೊಡ್ಡ ಭಾರ ಎತ್ತುವ ಹೊತ್ತಿನಲ್ಲಿ ಆಯಮ್ಮನ ಪಕ್ಕದಲ್ಲಿ ಅವರು ಇರುತ್ತಿದ್ದರು. ನನ್ನ ಹೆಸರು ಚೊಕ್ಕಟವಾಗಿ ಉಳಿಯಲಿ ಎಂದು ನಾನು ಕಾದೆ. ಈಗ ಆಕೆ ಒಬ್ಬರೇ ಎತ್ತಬೇಕು.